ಕುಚಲಕ್ಕಿ ಬೇಯದ ಎತ್ತರ

ನನಗೆ ತಗುಲಿದ್ದು ನಾಲ್ಕು ಲಕ್ಷ ಹದಿನೆಂಟು ಸಾವಿರ ರೂಪಾಯಿ. ವಿಮಾನ, ವೀಸಾ, ಬಸ್ಸು, ಬಾಡಿಗೆ ಕುದುರೆ, ಒಂದು ಉಣ್ಣೆ ಟೊಪ್ಪಿ, ಒಬ್ಬ ಡಾಕ್ಟರು, ಎಲ್ಲ ಸೇರಿ. ಅಷ್ಟು ದುಡ್ಡನ್ನು ದಕ್ಷಿಣ ಅಮೆರಿಕದ ಗುಡ್ಡಗಳ ಮೇಲೆ ಯಾಕೆ ಚೆಲ್ಲಿ ಬಂದೆ ಎಂದು ನೀವು ಕೇಳಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ಉತ್ತರ ಇಷ್ಟೇ: ಒಬ್ಬರು ನನ್ನ ಅಂಗಡಿಯಲ್ಲಿ ನಿಂತು, ನನ್ನದೇ ಗಿರಾಕಿಗಳ ಎದುರು, ನಾನು ಸುಳ್ಳು ಹೇಳುತ್ತೇನೆ ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಸಿಟ್ಟು ಹೆಚ್ಚು ಬಂತು.

ಅವರು ಕಳೆದ ತಿಂಗಳು ಬೇಲೆಕೇರಿಯಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಕೇರಿಯವರು ಅಂಗಡಿಗೆ ಬಂದು, ಅದು ಹಾಗಲ್ಲ ಹೀಗೆ ಎಂದು ತಿದ್ದಿ, ಒಂದು ಮೊಳ ಹಗ್ಗವನ್ನೂ ಕೊಳ್ಳದೆ ಹೋಗುತ್ತಾರೆ. ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು; ಕೊಂಕಣಿ ಮಾತಾಡುವ ಮನೆಗಳಲ್ಲಿ ಅಣ್ಣನನ್ನು ಕರೆಯುವುದು ಹಾಗೆ. ನನಗಿಂತ ಹದಿನಾರು ವರ್ಷ ದೊಡ್ಡವರು. ಮೀನುಗಾರರ ಮನೆಯಲ್ಲಿ ಹುಟ್ಟಿ, ಬಲೆ ಎಳೆಯುವ ಬದಲು ಸೌಟು ಹಿಡಿದು, ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದವರು.

ನನ್ನ ಅಂಗಡಿಯ ಕತೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಟ್ಟಿಕೇರಿಯಿಂದ ಇಶಾಡು ಮಾವಿನ ಬುಟ್ಟಿ ಹೊತ್ತು, ಕಂಡಕ್ಟರನ ಜೊತೆ ಲಗೇಜಿಗಾಗಿ ಜಗಳಾಡಿ, ಕಾರವಾರದ ಪೇಟೆಯಲ್ಲಿ ಮಾರಿ ಬರುತ್ತಿದ್ದವ ನಾನು. ಆಮೇಲೆ ಅಂಕೋಲೆ ಬಸ್ ಸ್ಟ್ಯಾಂಡಿನ ಹತ್ತಿರ ಹಗ್ಗ, ತಾಡಪಾಲು, ರೇನ್‌ಕೋಟಿನ ಅಂಗಡಿ ಇಟ್ಟೆ. ಗೋಕರ್ಣಕ್ಕೆ ಬೆನ್ನ ಮೇಲೆ ಮನೆ ಹೊತ್ತು ಬರುವ ಹುಡುಗ ಹುಡುಗಿಯರು ಹೆಚ್ಚಾದಾಗ ಟ್ರೆಕ್ಕಿಂಗ್ ಚೀಲ, ಡೇರೆ, ಸಣ್ಣ ಗ್ಯಾಸ್ ಒಲೆ, ಕೋಲು ಎಲ್ಲ ತರಿಸಿದೆ. ಕೋಲು ಎಂದರೆ ಕೋಲೇ. ನಮ್ಮ ಅಜ್ಜ ದನ ಓಡಿಸಲು ಬೇಲಿಯಿಂದ ಮುರಿದುಕೊಳ್ಳುತ್ತಿದ್ದುದನ್ನು ಇವರು ಎರಡು ಸಾವಿರ ಕೊಟ್ಟು ಒಯ್ಯುತ್ತಾರೆ, ಅದೂ ಜೋಡಿಯಾಗಿ. ನನಗೇನೂ ತಕರಾರಿಲ್ಲ.

ಒಂದು ದಿನ ಪುಣೆಯ ಇಬ್ಬರು ಹುಡುಗರಿಗೆ ದೊಡ್ಡ ಚೀಲವೊಂದನ್ನು ತೋರಿಸುತ್ತ, "ಹಿಮದಲ್ಲಿ ಇಟ್ಟರೂ ಇದಕ್ಕೆ ಏನೂ ಆಗುವುದಿಲ್ಲ, ನಾನೇ ನೋಡಿದ್ದೇನೆ," ಎನ್ನುತ್ತಿದ್ದೆ. ಮೂಲೆಯಲ್ಲಿ ದಾದಾ ಅಂಥದೇ ಇನ್ನೊಂದು ಚೀಲದ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಮೀನಿನ ಕಿವಿರು ಬಿಡಿಸಿದ ಹಾಗೆ ಎಳೆದು ನೋಡುತ್ತಿದ್ದರು.

"ತಮಾ," ಎಂದರು. ನನ್ನನ್ನು ಯಾವಾಗಲೂ ಹಾಗೇ ಕರೆಯುತ್ತಿದ್ದರು. "ಹಿಮ ಎಲ್ ನೋಡಿದ್ಯಾ ನೀನು? ಫ್ರಿಜ್ಜಿನೊಳಗಿಂದು ಬಿಟ್ಟು?"

ಹುಡುಗರು ನಕ್ಕರು. ಚೀಲ ಕೊಳ್ಳದೆ ಹೋದರು.

"ದಾದಾ, ನನ್ನ ಗಿರಾಕಿ ಓಡಿಸೂಕೆ ಬೇಲೆಕೇರಿಯಿಂದ ಬಂದ್ರಾ?"

"ಚೀಲ ತಕೊಳ್ಳೂಕೆ ಬಂದೆ. ಎಷ್ಟಕ್ಕೆ ಕೊಡ್ತೀಯಾ? ಅವ್ರಿಗೆ ಹೇಳಿದ್ ರೇಟ್ ನಂಗೆ ಹೇಳ್ಬೇಡಾ."

ಅರ್ಧ ತಾಸು ಎಳೆದಾಡಿದೆವು. ಕೊನೆಗೆ ನಾನು ಅಂದುಕೊಂಡಿದ್ದಕ್ಕಿಂತ ಇನ್ನೂರು ಕಡಿಮೆಗೆ ಒಯ್ದರು, ಮೇಲೆ ಎರಡು ಮಾರು ನೈಲಾನ್ ಹಗ್ಗ ಪುಕ್ಕಟೆ. ಹಡಗಿನ ಅಡುಗೆಯವರ ಜೊತೆ ಚೌಕಾಸಿ ಮಾಡಬೇಡಿ. ಅವರು ಬೇರೆ ಬೇರೆ ದೇಶಗಳ ಬಂದರುಗಳಲ್ಲಿ ಬಟಾಟೆ ಕೊಂಡವರು.

ಚೀಲ ಯಾಕೆ ಎಂದು ಕೇಳಿದೆ. ಆಗ ಹೇಳಿದರು. ಪೆರು, ಚಿಲಿ ದೇಶಗಳ ಬಂದರುಗಳಲ್ಲಿ ಅವರ ಹಡಗು ಎಷ್ಟೋ ಸಲ ನಿಂತಿತ್ತು. ನಸುಕಿನಲ್ಲಿ ಅಡುಗೆಮನೆಯ ದುಂಡು ಕಿಟಕಿಯಿಂದ ನೋಡಿದರೆ ಊರಿನ ಹಿಂದೆ ಬೆಟ್ಟದ ಸಾಲು. ನಮ್ಮ ಬೇಲೆಕೇರಿಯಲ್ಲಿ ದೋಣಿಯಿಂದ ನೋಡಿದರೆ ಹಿಂದೆ ಘಟ್ಟ ಕಾಣುವ ಹಾಗೆಯೇ, ಆದರೆ ಇದು ಘಟ್ಟದ ಅಪ್ಪ. ಉಳಿದವರೆಲ್ಲ ಬಂದರಿಗೆ ಇಳಿದು ಊರು ನೋಡಿ ಬರುತ್ತಿದ್ದರು. ಅಡುಗೆಯವನಿಗೆ ಮಾತ್ರ ಎಲ್ಲಿಯ ರಜೆ? ಇಳಿದವರು ತಿರುಗಿ ಬರುವಾಗ ಹಸಿದೇ ಬರುತ್ತಾರೆ.

"ಆ ಬೆಟ್ಟದ ಆಚೆ ಎಂತಾ ಉಂಟು ನೋಡೂದು. ಅಷ್ಟೇ. ಒಂದ್ ಸಲ ಕಣಿವೆ ದಾಟಿ ಆಚೆಬದಿ ನೋಡಿದ್ರೆ ಸಾಕು ನಂಗೆ."

"ಫೋನಲ್ಲಿ ನೋಡಿ ದಾದಾ, ಬಿಟ್ಟಿ ಸಿಗ್ತದೆ."

"ಫೋನಲ್ಲಿ ಬಂಗುಡೆ ತಿಂಬೂಕೆ ಆಗ್ತದಾ? ನೀನೂ ಬಾ. ದಿನಾ ಹೇಳೂ ಸುಳ್ಳು ಒಂದ್ ಸಲ ಖರೆ ಮಾಡ್ಕೊಂಡು ಬಾ."

ಹೀಗೆ ಅವರಿಗೆ ಬೆಟ್ಟದ ಆಚೆಬದಿ ಬೇಕಿತ್ತು, ನನಗೆ ಹಿಮದ ಮುಂದೆ ನನ್ನ ಅಂಗಡಿಯ ಚೀಲ ನಿಂತ ಒಂದು ಫೋಟೋ ಬೇಕಿತ್ತು. ಎರಡರಲ್ಲಿ ಯಾವುದು ದೊಡ್ಡದು ಎಂದು ನೀವೇ ತೂಗಿ ನೋಡಿ. ನನ್ನದು ಚೌಕಟ್ಟಿನ ಸಮೇತ ಗೋಡೆಯ ಮೇಲಿದೆ.

ತಯಾರಿಗೆಂದು ಅವರು ಬೇಲೆಕೇರಿಯಿಂದ ಅಗಸೂರಿನವರೆಗೆ ಬೆನ್ನ ಮೇಲೆ ಹನ್ನೆರಡು ಕಿಲೋ ಮರಳು ಹೊತ್ತು ನಡೆಯುತ್ತಿದ್ದರು. ನಡಿಗೆ ಹಡಗಿನದೇ. ನೆಲ ಯಾವ ಗಳಿಗೆಯಲ್ಲಾದರೂ ವಾಲಬಹುದು ಎನ್ನುವ ಹಾಗೆ ಎರಡು ಕಾಲನ್ನೂ ಅಗಲಿಸಿ ಇಡುವುದು. ಹೆದ್ದಾರಿಯ ಬದಿಗೆ ಅವರು ಹಾಗೆ ಹೋಗುವುದನ್ನು ಕಂಡ ನಮ್ಮ ಹಟ್ಟಿಕೇರಿಯ ಹೆಂಗಸರು, "ಇವತ್ ಬಸ್ಸಿಲ್ವಾ ದಾದಾ?" ಎಂದು ಮರುಕದಿಂದ ಕೇಳುತ್ತಿದ್ದರು. ಅವರು ನಿಂತು, "ಬಸ್ಸುಂಟು. ನಂಗೇ ತಲೆ ಇಲ್ಲ," ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ದೂರವನ್ನು ಅವರು ಕಿಲೋಮೀಟರಿನಲ್ಲಿ ಅಳೆದದ್ದನ್ನು ನಾನು ಕೇಳಲೇ ಇಲ್ಲ. ಅನ್ನದಲ್ಲಿ ಅಳೆಯುತ್ತಿದ್ದರು. ನಮ್ಮ ಕೆಂಪು ಕುಚಲಕ್ಕಿ ಒಲೆಯ ಮೇಲೆ ಬೇಯಲು ಸುಮಾರು ಒಂದು ತಾಸು ಬೇಕು. ಅಷ್ಟರಲ್ಲಿ ನಡೆಯುವಷ್ಟು ದೂರ ಒಂದು ಅನ್ನ. ಅಂಕೋಲೆಯಿಂದ ಬೇಲೆಕೇರಿ ಒಂದು ಅನ್ನ, ಬೇಲೆಕೇರಿಯಿಂದ ಅಗಸೂರು ನಾಲ್ಕು. ಕುಕ್ಕರಿನ ಅನ್ನದ ಲೆಕ್ಕ ಹಿಡಿಯೋಣ, ಬೇಗ ಮುಟ್ಟುತ್ತೇವೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಮುಖ ಕಿವಿಚಿದರು. ಕುಕ್ಕರ್ ಅನ್ನ ಅವರ ಪ್ರಕಾರ ಆಸ್ಪತ್ರೆಯ ಅನ್ನ. ಅದನ್ನು ಕಾಯಿಲೆಯವರಿಗೆ ಕೊಡಬೇಕು, ಬದುಕುವ ಆಸೆ ಹೋಗಲಿ ಎಂದು. ಅವರ ಮನೆಯಲ್ಲಿ ಆ ಪಾತ್ರೆಯೇ ಇರಲಿಲ್ಲ.

ಹೊರಡುವ ಹಿಂದಿನ ದಿನ ನಾನು ಬೇಲೆಕೇರಿಗೆ ಹೋದಾಗ ದಾದಾ ಚೀಲಕ್ಕೆ ಐದು ಕಿಲೋ ಕುಚಲಕ್ಕಿ, ಕೋಕಂ ಸಿಪ್ಪೆ, ಒಂದು ಡಬ್ಬಿ ಒಣ ಶೆಟ್ಲಿ, ಎಂದರೆ ಸಿಗಡಿ, ತುಂಬುತ್ತಿದ್ದರು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ, ಅತ್ತಿಗೆ ಎಂದ ಹಾಗೆ. ವೈನಿ ಬಾಗಿಲಿಗೆ ಒರಗಿ ನಿಂತಿದ್ದರು.

"ಮೂವತ್ ವರ್ಷ ಹಡಗು ಅಂತ ಹೋದ್ರು, ನಾ ಒಂದ್ ಮಾತು ಕೇಳ್ಲಿಲ್ಲ. ಈಗ ಬೆಟ್ಟ ಹತ್ತೂದಂತೆ. ಮಾಡ್ ಹತ್ತಿ ನಾಲ್ಕ್ ಹಂಚು ಸರಿ ಮಾಡಿ ಅಂದ್ರೆ ಮೊಣಕಾಲು ನೋವು!"

"ಬಂದ್ ಮೇಲೆ ಮಾಡ್ತೆ."

"ಹಂಚು ಕಾಯ್ತದೆ. ಮಳೆ ಕಾಯೂದಿಲ್ಲ."

ಈ ಮೊಣಕಾಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇದನ್ನು ಆಮೇಲೆ ನಾನು ಬಹಳ ದುಡಿಸಿಕೊಂಡೆ.

ಗೋವೆಯಿಂದ ಹೊರಟು ಮೂರು ವಿಮಾನ ಹತ್ತಿಳಿದು ಪೆರುವಿನ ಲಿಮಾ ಸೇರುವಾಗ ನನಗೆ ಯಾವ ದಿನ ಎನ್ನುವುದೇ ಮರೆತಿತ್ತು. ಅಲ್ಲಿಯ ಅಧಿಕಾರಿ ಒಣ ಶೆಟ್ಲಿಯ ಡಬ್ಬಿ ತೆರೆದ. ಆ ಸಾಲಿನಲ್ಲಿದ್ದವರೆಲ್ಲ ಒಮ್ಮೆಲೇ ನಮ್ಮ ಕಡೆ ತಿರುಗಿದರು. ನಮ್ಮೂರಿನ ವಾಸನೆಗೆ ಇಷ್ಟು ಮರ್ಯಾದೆ ನಮ್ಮೂರಿನಲ್ಲೂ ಸಿಕ್ಕಿರಲಿಲ್ಲ. ಡಬ್ಬಿ ಹೋಯಿತು, ಅಕ್ಕಿ ಉಳಿಯಿತು. ಅಕ್ಕಿಯನ್ನೂ ತೆಗೆದುಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ದಾದಾ ಅವರಿಗೆ ಸ್ಪ್ಯಾನಿಷ್ ಬರುತ್ತಿತ್ತು, ಆದರೆ ತರಕಾರಿಯಷ್ಟು. ಬಟಾಟೆ, ಈರುಳ್ಳಿ, ಮೀನು, ಉಪ್ಪು, ನೀರು, ಬಿಸಿ, ಎಷ್ಟು, ಬಹಳ ಆಯಿತು. ಇಷ್ಟರಲ್ಲೇ ಅವರು ಇಡೀ ದೇಶದ ಜೊತೆ ಮಾತಾಡುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಅಜ್ಜಿಗೆ ಒಂದೊಂದೇ ತರಕಾರಿಯ ಹೆಸರು ಹೇಳುತ್ತ ಹೋದರು. ಅಜ್ಜಿ ಪ್ರತಿಯೊಂದಕ್ಕೂ ತಲೆಯಾಡಿಸಿ, ಇಳಿಯುವಾಗ ಇವರ ಕೈ ಒತ್ತಿ ಹೋದಳು.

ಕುಸ್ಕೊ ಎನ್ನುವ ಊರು ಮೂರು ಸಾವಿರದ ನಾಲ್ಕುನೂರು ಮೀಟರಿನ ಮೇಲಿದೆ. ಅಲ್ಲಿಯ ಪೇಟೆಯಲ್ಲಿ ಉಣ್ಣೆ ಟೊಪ್ಪಿ ಮಾರುವ ಹೆಂಗಸಿನ ಮುಂದೆ ನಾನು ಕುಳಿತೆ. ಬೆರಳಿನಲ್ಲಿ ರೇಟು. ಅವಳು ಐದು ತೋರಿಸಿದರೆ ನಾನು ಎರಡು. ಅವಳು ಟೊಪ್ಪಿಯನ್ನು ನನ್ನ ತಲೆಗೆ ಹಾಕಿ ಕನ್ನಡಿ ಹಿಡಿದಳು, ನಾನು ತೆಗೆದಿಟ್ಟು ಎದ್ದೆ, ಅವಳು ಕರೆಯಲಿಲ್ಲ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅವಳು ನೊಣ ಓಡಿಸುತ್ತ ಕುಳಿತಿದ್ದಳು. ತಲೆಗೆ ಚಳಿ ಹೊಡೆಯುತ್ತಿತ್ತು. ವಾಪಸ್ಸು ಹೋದೆ. ಈಗ ಅವಳು ಆರು ತೋರಿಸಿದಳು.

ದಾದಾ ಗೋಡೆಗೆ ಒರಗಿ ನಗುತ್ತಿದ್ದರು. "ಕಾರವಾರದ ಮೀನು ಪೇಟೆಯಿಂದ ಇವ್ಳನ್ನ ಇಲ್ಲಿಗೆ ಯಾರು ತಂದು ಬಿಟ್ರಾ ತಮಾ?"

ಟೊಪ್ಪಿಯಲ್ಲಿ ಸೋತ ಸಿಟ್ಟನ್ನು ನಾನು ಬೇರೆ ಕಡೆ ತೀರಿಸಿಕೊಂಡೆ. ನಾವು ಇಳಿದುಕೊಂಡಿದ್ದ ವಸತಿಯ ಒಡತಿ, ಬೆಟ್ಟಕ್ಕೆ ಹೋಗುವ ಮೊದಲು ಮೂರು ದಿನ ಊರಲ್ಲೇ ಸುಮ್ಮನೆ ಇರಿ, ಮೈಗೆ ಎತ್ತರ ಒಗ್ಗಬೇಕು ಎಂದು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ತೋರಿಸಿದಳು. ಮೂರು ದಿನ ಸುಮ್ಮನೆ ಇರುವುದಕ್ಕೆ ಮೂರು ದಿನದ ಬಾಡಿಗೆ! ಇದು ಅಂಗಡಿಕಾರಳ ಮಾತು, ನನಗೆ ಗೊತ್ತಾಗುವುದಿಲ್ಲವೇ ಎಂದುಕೊಂಡೆ. ನಾಳೆಯೇ ಹೊರಡೋಣ ಎಂದೆ.

"ತಮಾ, ಅವ್ಳು ಹೇಳೂದು ಕೇಳ್ವಾ," ಎಂದರು ದಾದಾ. "ಎಷ್ಟ್ ದೊಡ್ ಕ್ಯಾಪ್ಟನ್ ಆದ್ರೂ ಬಂದರಿನೊಳ್ಗೆ ಹೋಗೂಕೆ ಆ ಬಂದರಿನ ದಾರಿ ಬಲ್ಲ ಪೈಲಟ್ಟೇ ಬೇಕು."

"ದಾದಾ, ಖರ್ಚು ನನ್ನ ಖಾತೆ, ಒಲೆ ನಿಮ್ಮ ಖಾತೆ ಅಂತ ಮೊದ್ಲೇ ಮಾತಾಗಿದೆ."

ಹೌದು, ಹಾಗೆ ಮಾತಾಗಿತ್ತು. ಅವರು ಮಾತಿಗೆ ನಿಲ್ಲುವ ಜಾತಿಯವರು. ಚೀಲ ಕಟ್ಟತೊಡಗಿದರು. ನಾನು ಎರಡು ದಿನ ಉಳಿಸಿದೆ. ಬದುಕಿನಲ್ಲಿ ನಾನು ಮಾಡಿದ ಚೌಕಾಸಿಗಳಲ್ಲಿ ಅತಿ ಚೆನ್ನಾಗಿ ಗೆದ್ದದ್ದು ಅದನ್ನೇ.

ಬಸ್ಸಿನಲ್ಲಿ ಬೆಟ್ಟದ ಬುಡದ ಹಳ್ಳಿ, ಅಲ್ಲಿಂದ ಇಡೀ ದಿನ ನಡಿಗೆ. ಬೆನ್ನಿನ ಹೊರೆ ನಮ್ಮದೇ, ಕುದುರೆ ಬೇಡ ಎಂದು ದಾದಾ ಹಟ ಹಿಡಿದಿದ್ದರು. ಹುಲ್ಲುಗಾವಲು, ಕಲ್ಲು, ಮತ್ತೆ ಕಲ್ಲು. ಸಂಜೆ ನಾಲ್ಕಕ್ಕೆ ನಾಲ್ಕು ಸಾವಿರದ ನಾಲ್ಕುನೂರು ಮೀಟರಿನ ಒಂದು ಬಯಲಿಗೆ ಮುಟ್ಟಿ ಡೇರೆ ಹಾಕಿದೆವು. ಎದುರಿಗೆ ಹಿಮದ ಬೆಟ್ಟ, ಅದರ ತೋಳಿನ ಪಕ್ಕದಲ್ಲಿ ಸ್ಪಷ್ಟವಾಗಿ ಕಣಿವೆ, ಬೆಟ್ಟ ದಾಟುವ ಕಿಂಡಿ. ಮರುದಿನ ಅದನ್ನು ದಾಟುವುದು. ನಾನು ಚೀಲ ನಿಲ್ಲಿಸಿ ಮೊದಲು ಫೋಟೋ ಹೊಡೆದುಕೊಂಡೆ.

ದಾದಾ ಒಲೆ ಹಚ್ಚಿದರು. ಅಕ್ಕಿ ತೊಳೆದು ಪಾತ್ರೆ ಇಟ್ಟರು. ನೀರು ಎಷ್ಟು ಬೇಗ ಕುದಿಯಿತು ಎಂದರೆ ಅವರಿಗೇ ಖುಷಿಯಾಯಿತು. ಒಂದು ತಾಸು ಕಳೆಯಿತು. ಒಂದು ಅಗುಳು ಬಾಯಿಗೆ ಹಾಕಿಕೊಂಡರು. ರುಚಿ ನೋಡುವಾಗ ಎಡಗಣ್ಣು ಮುಚ್ಚುವುದು ಅವರ ಅಭ್ಯಾಸ. ಕಣ್ಣು ಮುಚ್ಚಿದರು, ತೆರೆದರು, ಇನ್ನಷ್ಟು ನೀರು ಹಾಕಿದರು. ಎರಡು ತಾಸು. ಪಾತ್ರೆಯೊಳಗೆ ನೀರು ಹುಚ್ಚು ಹಿಡಿದ ಹಾಗೆ ಕುಣಿಯುತ್ತಿತ್ತು, ಅಗುಳು ಮಾತ್ರ ಗಟ್ಟಿ. ಎರಡೂವರೆ ತಾಸಿಗೆ ಗ್ಯಾಸ್ ಡಬ್ಬಿ ಸುಂಯ್ ಎಂದು ಮುಗಿಯಿತು. ಇನ್ನೊಂದು ಡಬ್ಬಿ ಇರಲಿಲ್ಲ. ಎರಡನೆಯದು ಯಾಕೆ ದಂಡ ಎಂದು ನಾನೇ ಬೇಡವೆಂದಿದ್ದೆ.

ಮೂವತ್ತು ವರ್ಷ, ಬಿರುಗಾಳಿಯಲ್ಲಿ ಪಾತ್ರೆಯನ್ನು ಒಲೆಗೆ ಕಟ್ಟಿ, ಇಪ್ಪತ್ತೈದು ಜನರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿದವರು, ನಿಂತ ನೆಲದ ಮೇಲೆ ಇಬ್ಬರ ಅನ್ನ ಬೇಯಿಸಲಾರದೆ ಕುಳಿತಿದ್ದರು. ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ ಎನ್ನುವುದು ಶಾಲೆಯ ಪುಸ್ತಕದಲ್ಲಿತ್ತು. ಇಬ್ಬರೂ ಆ ದಿನ ಶಾಲೆಗೆ ಹೋಗಿರಲಿಲ್ಲ ಎಂದು ಕಾಣುತ್ತದೆ.

"ಕುದೀತದೆ, ಬೇಯೂದಿಲ್ಲ," ಎಂದರು. "ಈ ನೀರಿಗೆ ಬಿಸಿಯೇ ಇಲ್ಲ ತಮಾ."

ಆ ಕಲ್ಲನ್ನೇ ಅಗಿದೆವು. ನಾನು ತಿಂದು ಮುಗಿಸಿದ ಮೇಲೆಯೇ ಅವರು ಬಟ್ಟಲು ತೆಗೆದುಕೊಂಡದ್ದು. ಅಡುಗೆಯವ ಕೊನೆಗೇ ಉಣ್ಣಬೇಕು ಎನ್ನುವುದು ಅವರ ಕಾನೂನು. ಅದಕ್ಕೂ ಮೊದಲು ಒಂದು ತುತ್ತು ತೆಗೆದು ಬೆಟ್ಟದ ಕಡೆ ಎಸೆದರು. ನಮ್ಮ ಕಡೆಯ ದೋಣಿಗಳಲ್ಲಿ ಮೊದಲ ತುತ್ತು ಕಡಲಿಗೆ ಹಾಕುವವರಿದ್ದಾರೆ. ಇಲ್ಲಿ ಕಡಲಿರಲಿಲ್ಲ, ಎದುರಿಗಿದ್ದದ್ದಕ್ಕೆ ಹಾಕಿದರು. ಬೆಟ್ಟಕ್ಕೂ ಹಲ್ಲು ನೋವು ಬಂದಿರಬೇಕು.

ಅಷ್ಟರಲ್ಲಿ ನನ್ನ ತಲೆಯೊಳಗೆ ಯಾರೋ ತೆಂಗಿನಕಾಯಿ ಸುಲಿಯತೊಡಗಿದ್ದರು. ತಿಂದದ್ದು ಹೊರಗೆ ಬಂತು. ಬೆಳಕು ಹರಿಯುವ ಹೊತ್ತಿಗೆ ಕೆಮ್ಮು, ಎದೆಯೊಳಗೆ ಗೊರಗೊರ, ಎದ್ದು ನಿಂತರೆ ಕುಡಿದವನ ಹಾಗೆ ಅಡ್ಡ ಹೋಗುತ್ತಿದ್ದೆ. ಹತ್ತಿರದಲ್ಲೇ ಕಲ್ಲಿನ ಗುಡಿಸಿಲಿನಲ್ಲಿದ್ದ ಕುರಿ ಕಾಯುವ ಹೆಂಗಸು ಕುದುರೆ ಹಿಡಿದುಕೊಂಡು ಬಂದಳು. ಐವತ್ತರ ಸುಮಾರು, ಎರಡು ಜಡೆ, ತಲೆಯ ಮೇಲೆ ಎತ್ತರದ ಟೊಪ್ಪಿ. ನೀಲಿಗಟ್ಟಿದ ನನ್ನ ತುಟಿ ನೋಡಿದಳು, ನಗಲಿಲ್ಲ.

ದಾದಾ ತಮ್ಮ ಭಂಡಾರದಿಂದ ಎರಡು ಶಬ್ದ ತೆಗೆದರು. "ಆಗ್ವಾ? ಕಾಲಿಯೆಂತೆ?" ಬಿಸಿ ನೀರು ಸಿಗುತ್ತದೆಯೇ ಎಂದು.

ಅವಳು ಇಲ್ಲಿಲ್ಲ ಎಂದು ತಲೆಯಾಡಿಸಿದಳು. ಕೆಳಗಿನ ಹಳ್ಳಿಯ ಕಡೆ ಕೈ ತೋರಿಸಿದಳು. ಆಮೇಲೆ ನನ್ನನ್ನು ತೋರಿಸಿ, ಮತ್ತೆ ಕೆಳಗೆ, ಜೋರಾಗಿ, ಎರಡು ಸಲ.

ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಕಣಿವೆ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಒಂದೂವರೆ ಅನ್ನದ ದಾರಿ. ಮೂವತ್ತು ವರ್ಷ ದುಂಡು ಕಿಟಕಿಯಿಂದ ನೋಡಿದ್ದರ ಆಚೆಬದಿ.

ನಾನು ಏನು ಹೇಳಿದೆ ಎಂದು ಬರೆಯಲೇಬೇಕು. "ದಾದಾ, ನೀವು ಹೋಗ್ಬನ್ನಿ, ನಾ ಇಲ್ಲೇ ಇರ್ತೆ. ಹೋಗೂದಾದ್ರೆ ನನ್ನ ಚೀಲನೂ ಒಯ್ರಿ, ಮೇಲೆ ಇಟ್ಟು ಇನ್ನೊಂದ್ ಫೋಟೋ." ಸಾಯುವಾಗಲೂ ನಾನು ಅಂಗಡಿಯ ಶಟರ್ ಅರ್ಧ ತೆಗೆದೇ ಇಟ್ಟಿರುತ್ತೇನೆ.

ಅವರು ಕಣಿವೆಯ ಕಡೆ ನೋಡಿದರು. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡುವಷ್ಟೇ ಹೊತ್ತು. ಆಮೇಲೆ ಡೇರೆ ಮಡಚಿದರು, ನನ್ನ ಚೀಲವನ್ನು ಎದೆಗೆ ಹಾಕಿಕೊಂಡರು, ತಮ್ಮದನ್ನು ಬೆನ್ನಿಗೆ. ನನ್ನನ್ನು ಎತ್ತಿ ಕುದುರೆಯ ಮೇಲೆ ಕೂರಿಸಿ, ಜಾರದ ಹಾಗೆ ನನ್ನದೇ ನೈಲಾನ್ ಹಗ್ಗದಿಂದ ಕಟ್ಟಿದರು.

"ಬಿಸಿ ನೀರು ಕೆಳ್ಗೆ ಉಂಟಂತೆ. ನಡಿ."

ಅಷ್ಟೇ ಮಾತು. ಅವಳು ಕುದುರೆ ಹಿಡಿದು ಮುಂದೆ ನಡೆದಳು, ಐದು ತಾಸು ಇಳಿದೆವು. ದಾದಾ ಒಮ್ಮೆ ಕೂಡ ಹಿಂದೆ ತಿರುಗಿ ನೋಡಲಿಲ್ಲ. ಕುದುರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ವಾಲುತ್ತಿದ್ದ ನಾನೇ ಆ ಬೆಟ್ಟವನ್ನು ಹತ್ತು ಸಲ ನೋಡಿದೆ. ಎರಡೆರಡು ಚೀಲ ಹೊತ್ತು, ಕಾಲು ಅಗಲಿಸಿ, ಕಲ್ಲಿನಿಂದ ಕಲ್ಲಿಗೆ ಅವರು ಇಳಿಯುತ್ತಿದ್ದರು. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಕೆಳಗಿನ ಹಳ್ಳಿಯಲ್ಲಿ ಆ ಹೆಂಗಸಿನದೇ ಇನ್ನೊಂದು ಮನೆ. ಬಿಸಿ ಬಟಾಟೆ ಸಾರು ಕುಡಿದ ಮೇಲೆ ನನಗೆ ಲೋಕ ನೆಟ್ಟಗೆ ಕಂಡಿತು. ದಾದಾ ಎದ್ದು ಅವಳ ಒಲೆಯ ಹತ್ತಿರ ಹೋದರು. ಇಷ್ಟು ಮೇಲೆ ಇವರು ಬೇಯಿಸುವುದು ಹೇಗೆ ಎಂದು ನೋಡಬೇಕಿತ್ತು. ಒಲೆಯ ಮೇಲೆ ಪ್ರೆಶರ್ ಕುಕ್ಕರ್ ಕುಳಿತಿತ್ತು. ಹಿಡಿ ಮುರಿದಿದ್ದಕ್ಕೆ ತಂತಿ ಸುತ್ತಿದ, ಮಸಿ ಹಿಡಿದ ಕುಕ್ಕರ್. ಪಕ್ಕದಲ್ಲಿ ಇನ್ನೊಂದು, ಸಣ್ಣದು.

ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಯಾಕೆಂದು ಗೊತ್ತಿಲ್ಲದೆ. ಉಳಿದ ಕುಚಲಕ್ಕಿ ಅದರಲ್ಲಿ ಬಿತ್ತು. ಸೀಟಿ ಹೊಡೆಯಿತು. ಅನ್ನ ಅರಳಿತು. ಮೂವರೂ ಉಪ್ಪು, ಅವಳ ಹಿತ್ತಲಿನ ಕೆಂಪು ಮೆಣಸು ಹಚ್ಚಿಕೊಂಡು ಉಂಡೆವು. ದಾದಾ ಮೊದಲ ತುತ್ತು ಬಾಗಿಲಾಚೆ ಹಾಕಿದರು. ಅವಳು ಅದನ್ನು ನೋಡಿ, ತನ್ನ ಲೋಟದ ಮೆಕ್ಕೆಜೋಳದ ಕಳ್ಳಿನಿಂದ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲಿ ಇವರ ಕಡೆ ತಲೆಯಾಡಿಸಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಬೀಳಲಿಲ್ಲ.

"ಆಸ್ಪತ್ರೆ ಅನ್ನ ಹೇಗುಂಟು ದಾದಾ?"

"ಸುಮ್ನೆ ಉಣ್ಣು. ಕಾಯಿಲೆಯವ ನೀನೇ."

ಕುಸ್ಕೊದ ಡಾಕ್ಟರು, ಇನ್ನು ಮೇಲಕ್ಕೆ ಹೋದರೆ ಇವನನ್ನು ಕೆಳಗೆ ತರುವುದು ಹೆಣವಾಗಿಯೇ ಎಂದರು. ಸಮುದ್ರದ ಮಟ್ಟಕ್ಕೆ ಇಳಿಸಿ ಎಂದರು. ನನ್ನೊಬ್ಬನನ್ನೇ ಬಿಡಲು ದಾದಾ ಒಪ್ಪಲಿಲ್ಲ. ಉಳಿದ ಮೂರು ವಾರ ನಾವು ಕರಾವಳಿಯ ಬಸ್ಸುಗಳಲ್ಲಿ ಪೆರುವಿನಿಂದ ಚಿಲಿಯ ಸಾಂಟಿಯಾಗೊದವರೆಗೆ ಹೋದೆವು. ದಕ್ಷಿಣಕ್ಕೆ ಹೋಗುವ ಬಸ್ಸಿನಲ್ಲಿ ಬೆಟ್ಟ ಎಡಗಡೆಗೆ ಬರುತ್ತದೆ. ಅವರು ಎಲ್ಲ ಬಸ್ಸಿನಲ್ಲೂ ಎಡಗಡೆಯ ಕಿಟಕಿ ಕೇಳಿ ಕುಳಿತರು. ಮೂವತ್ತು ವರ್ಷ ಯಾವ ಬಂದರುಗಳಲ್ಲಿ ನಿಂತು ಬೆಟ್ಟ ನೋಡಿದ್ದರೋ, ಅದೇ ಬಂದರುಗಳಲ್ಲಿ ಇಳಿದು ಮತ್ತೆ ಅದೇ ಬದಿಯನ್ನು ನೋಡಿದರು. ಈ ಸಲ ಅದಕ್ಕೆ ಟಿಕೆಟ್ಟು ಬೇರೆ.

ಊರಿಗೆ ಬಂದ ದಿನ ಅಂಕೋಲೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹತ್ತು ಜನ ಸುತ್ತುವರಿದರು. "ಬೆಟ್ಟ ದಾಟಿದ್ರಾ ದಾದಾ?" ಎಂದು ಒಬ್ಬ ಕೇಳಿದ. ಅವರು ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ಹಿಮದ ಚೀಲ ಮಾರುವವನು ಹಿಮ ಮುಟ್ಟುವ ಮೊದಲೇ ಕುದುರೆಯ ಮೇಲೆ ಕಟ್ಟಿಸಿಕೊಂಡು ಇಳಿದ ಎಂದರೆ ಅಂಗಡಿ ನಡೆಯುತ್ತದೆಯೇ? "ಎಲ್ಲಿಯ ದಾಟೂದು ಮಾರಾಯಾ, ಇವರ ಮೊಣಕಾಲು ಕೈ ಕೊಡ್ತು," ಎಂದೆ. ಆಮೇಲೆ ಕುಚಲಕ್ಕಿಯ ಕತೆ ಎತ್ತಿದೆ. ಅದು ಖರೆಯೇ ಆಗಿತ್ತಲ್ಲ. ಖರೆ ಮಾತಿನ ಪಕ್ಕದಲ್ಲಿ ಕೂರಿಸಿದರೆ ಸುಳ್ಳಿಗೂ ಮುಖಕ್ಕೆ ಕಳೆ ಬರುತ್ತದೆ. ಜನ ಬೆಂಚು ಬಡಿದು ನಕ್ಕರು.

ದಾದಾ ಚಹಾ ಮುಗಿಸಿ ಲೋಟ ಇಟ್ಟರು. ಹೋಗುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ಕತೆ ಚೊಲೋ ಮಾಡ್ತೀಯಾ ತಮಾ. ಉಪ್ಪು ಸ್ವಲ್ಪ ಕಮ್ಮಿ," ಎಂದರು.

ಅದು ನಾಲ್ಕು ವರ್ಷದ ಹಿಂದೆ. ನಾಲ್ಕು ವರ್ಷ ನಾನು ಆ ಕತೆಯನ್ನು ಗೋಡೆಯ ಫೋಟೋದ ಕೆಳಗೆ ನಿಂತು ಹೇಳಿ ಚೀಲ ಮಾರಿದೆ. ಬೇಲೆಕೇರಿಯಲ್ಲಿ ಅವರಿಗೆ 'ಅನ್ನ ಬೇಯದ ದಾದಾ' ಎಂದು ಹೆಸರು ಬಿತ್ತು. ಮೀನು ಕೊಳ್ಳಲು ಹೋದರೆ, "ಇದ್ ಬೇಯಿಸೂಕೆ ಬರ್ತದಾ ದಾದಾ, ಇಲ್ಲಾ ನಾನೇ ಬೇಯಿಸಿ ಕೊಡ್ಲಾ?" ಎನ್ನುತ್ತಿದ್ದಳು ಮೀನಿನವಳು. ಅವರು ನಗುತ್ತಿದ್ದರು. ನನಗೆ ಕಡೆಯವರೆಗೂ ಅರ್ಥವಾಗದೆ ಉಳಿದದ್ದು ಆ ನಗೆಯೇ. ವ್ಯಾಪಾರದಲ್ಲಿ ಯಾರಾದರೂ ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟರೆ ನಾನು ಕೂಡಲೇ ಸಂಶಯಪಡುತ್ತೇನೆ.

ಹನ್ನೆರಡನೆಯ ದಿನದ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಅವರ ನೆಂಟರೊಬ್ಬರು, ಪ್ರೀತಿಯಿಂದಲೇ, ಮೊಣಕಾಲು ಮತ್ತು ಕುಚಲಕ್ಕಿಯ ಕತೆ ತೆಗೆದರು. ಸಾವಿನ ಮನೆಯಲ್ಲಿ ಮೊದಲ ಬಾರಿಗೆ ಎಲ್ಲರೂ ನಕ್ಕರು. "ಇವನೇ ನೋಡಿ, ಇವನೇ ಸಂಗ್ತಿಗೆ ಹೋದವ," ಎಂದು ನನ್ನ ಬೆನ್ನು ತಟ್ಟಿದರು. ಬಡಿಸುತ್ತಿದ್ದ ವೈನಿ ನನ್ನ ಎಲೆಯ ಮುಂದೆ ನಿಂತರು, ನಗಲಿಲ್ಲ. ಅನ್ನ ಹಾಕಿ ಮುಂದೆ ಹೋದರು. ನಾನು ಒಂದು ಅಗುಳು ಹಿಚುಕಿ ನೋಡಿದೆ. ಅದು ಚೆನ್ನಾಗಿಯೇ ಬೆಂದಿತ್ತು.

ಬಡಿಸಿ ಮುಗಿಸಿ ವೈನಿ ಹಿತ್ತಲಿಗೆ ಹೋದಾಗ ನಾನೂ ಕೈ ತೊಳೆಯುವ ನೆಪದಲ್ಲಿ ಹೋಗಿ ಅವರ ಮುಂದೆ ನಿಂತೆ.

"ವೈನಿ, ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ. ನನಗೆ ಉಸಿರು ಕಟ್ಟಿತ್ತು. ನನ್ನ ದೆಸೆಯಿಂದ ಇಳಿದ್ರು."

ಅವರು ಕೊಡದಿಂದ ನನ್ನ ಕೈಗೆ ನೀರು ಹೊಯ್ಯುತ್ತಿದ್ದರು. ಹೊಯ್ಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತುಂಟು ನಂಗೆ. ಬಂದ್ ಮರುದಿನವೇ ಮಾಡ್ ಹತ್ತಿ ಹಂಚು ಸರಿ ಮಾಡಿದ್ರು. ಮೊಣಕಾಲು ಹೋದವ್ರು ಮಾಡ್ ಹತ್ತೂದಾ? ಕೇಳ್ದೆ, ಹೇಳಿದ್ರು."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಬೇಡಾ ಅಂದ್ರು. ಹುಡುಗ ಈಗಷ್ಟೇ ಮೇಲೆ ಬರ್ತಿದ್ದಾನೆ, ಚೀಲ ಮಾರೂದು ನಿಂತೀತು ಅಂದ್ರು." ನಾನು ಐವತ್ತೆರಡರ ಹುಡುಗ. ಟವೆಲ್ ಕೊಡುತ್ತ ಕೇಳಿದರು, "ಆಚೆಬದಿ ನೀನಾದ್ರೂ ನೋಡಿದ್ಯಾ?"

"ಇಲ್ಲ ವೈನಿ."

"ಹಾಂ," ಎಂದರು. "ಇಬ್ರೂ ನೋಡ್ಲಿಲ್ಲ." ಕೊಡ ಎತ್ತಿಕೊಂಡು ಒಳಗೆ ಹೋದರು.

ನಾನು ಪಂಕ್ತಿಗೆ ವಾಪಸ್ಸು ಹೋಗಿ, ಉಂಡು ಕುಳಿತಿದ್ದವರ ಎದುರು ನಿಂತೇ ಎಲ್ಲವನ್ನೂ ಹೇಳಿದೆ. ಉಳಿಸಿದ ಎರಡು ದಿನ, ತರದ ಗ್ಯಾಸ್ ಡಬ್ಬಿ, ಕುದುರೆ, ಹಗ್ಗ, ಎಲ್ಲ. ಯಾರೂ ಬೆಂಚು ಬಡಿಯಲಿಲ್ಲ. ಕತೆ ಹೇಳಿದ ನೆಂಟರು, "ಹಾಗಾದ್ರೆ ದಾದಾ ದಾಟ್ತಿದ್ರು," ಎಂದರು. ಹೌದು ಎಂದೆ. ಕೇಳಬೇಕಾಗಿದ್ದವರು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿದ್ದರು.

ಇಷ್ಟು ಓದಿದ್ದೀರಿ, ಬರಿಗೈಯಲ್ಲಿ ಕಳಿಸುವುದಿಲ್ಲ. ನೀವು ಆ ಕಡೆಯ ಬೆಟ್ಟಗಳಿಗೆ ಹೋಗುವುದಾದರೆ ಕುಚಲಕ್ಕಿ ಒಯ್ಯಬೇಡಿ. ಒಯ್ದರೆ ಸಣ್ಣ ಕುಕ್ಕರನ್ನೂ ಒಯ್ಯಿರಿ, ತೂಕವಾಯಿತು ಎಂದು ಗೊಣಗಬೇಡಿ. ಅವಲಕ್ಕಿ ಒಳ್ಳೆಯದು, ಬೇಯಿಸುವ ಕೆಲಸವೇ ಇಲ್ಲ. ಗ್ಯಾಸ್ ಡಬ್ಬಿ ಯಾವಾಗಲೂ ಎರಡು. ಒಣ ಮೀನು ಮನೆಯಲ್ಲೇ ತಿಂದು ಹೋಗಿ. ಮೂರು ದಿನ ಇರಿ ಎಂದು ಆ ಊರಿನವರು ಹೇಳಿದರೆ ನಾಲ್ಕು ದಿನ ಇರಿ. ಅವರಿಗೆ ನಿಮ್ಮ ಬಾಡಿಗೆಯ ಆಸೆ ಇದ್ದರೂ ಇರಲಿ. ತಲೆನೋವು, ವಾಂತಿ, ಅಡ್ಡಾದಿಡ್ಡಿ ನಡಿಗೆ ಶುರುವಾದರೆ ಔಷಧ ಒಂದೇ, ಕೆಳಗೆ ಇಳಿಯುವುದು, ಆಗಲೇ, ಫೋಟೋ ಮರೆತು. ಮತ್ತೆ, ನಿಮ್ಮ ಸಂಗಡ ಬಂದವರು ನಿಮ್ಮ ದೆಸೆಯಿಂದ ಇಳಿದರೆ, ಊರಿಗೆ ಬಂದು ಜನ ಕೇಳಿದ ಕೂಡಲೇ ಹೇಳಿಬಿಡಿ, ಇಳಿಸಿದ್ದು ನಾನು ಎಂದು. ಚಹಾ ಬರುವವರೆಗೆ ಕಾಯಬೇಡಿ. ಚಹಾ ಬಂದ ಮೇಲೆ ಕತೆ ತುಂಬ ಚೆನ್ನಾಗಿ ಬರುತ್ತದೆ.